ಗಂಟು ಬಿದ್ದ ಜಾಗ

ಇಪ್ಪತ್ತೇಳು ವರ್ಷದಿಂದ ಮೀನು, ಕಪ್ಪೆ, ಆಮೆಗಳ ಹೃದಯಕ್ಕೆ ರೇಷ್ಮೆ ದಾರ ಕಟ್ಟುವುದೇ ಕಸುಬಾಗಿದ್ದ ಅವನಿಗೆ ಆ ದಿನ ಬೆಳಿಗ್ಗೆ ತನ್ನ ಬೂಟಿನ ದಾರ ಕಟ್ಟಿಕೊಳ್ಳಲು ಆಗಲಿಲ್ಲ. ಎರಡು ಸಲ ಕಟ್ಟಿದ, ಎರಡು ಸಲವೂ ಬಿಚ್ಚಿದ. ಬಾಗಿಲಿಗೆ ಒರಗಿ ನಿಂತಿದ್ದ ಹೆಂಡತಿ, "ಏನ್ರೀ, ಬೂಟಿಗೂ ಪ್ರೊಫೆಸರ ಅಪ್ಪಣೆ ಆಗ್ಬೇಕಾ?" ಅಂದಳು. "ದಿಂಬಿನ ಚೀಲಕ್ಕೆ ಎರಡು ಗುಂಡಿ ಹಾಕಿಕೊಡಿ ಅಂತ ಕೇಳಿ ವರ್ಷ ಆಯ್ತು. ಮೀನಿಗಿರೋ ಭಾಗ್ಯ ನಮಗಿಲ್ಲ ಬಿಡಿ." ಬೇರೆ ದಿನವಾಗಿದ್ದರೆ ಅವನೂ ಒಂದು ಮಾತು ಸೇರಿಸಿ ನಗುತ್ತಿದ್ದ. ಇವತ್ತು ಒಬ್ಬ ಹುಡುಗಿಯ ನಾಲ್ಕು ವರ್ಷದ ಕೆಲಸ ನನ್ನ ಬೆರಳ ತುದಿಯಲ್ಲಿದೆ ಕಣೇ, ಎಂದು ಹೇಳಬೇಕು ಅನ್ನಿಸಿತು. ಅದನ್ನು ಹೇಳಿದರೆ ಹನ್ನೊಂದು ವರ್ಷದ ಹಿಂದಿನದನ್ನೂ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಪ್ರೊಫೆಸರು ತನ್ನ ಹೆಗಲ ಮೇಲೆ ಕೈಯಿಟ್ಟರೆಂದು ಇದೇ ಬಾಗಿಲಲ್ಲಿ ನಿಂತು ಇವಳಿಗೆ ಹೇಳಿದವನು ಅವನೇ. ಇವಳು ತಮ್ಮನಿಗೆ ಹೇಳಿದ್ದಳು, ಆ ಭಾವಮೈದ ಬಂಧುಬಳಗಕ್ಕೆಲ್ಲ ಡಂಗುರ ಹೊಡೆದಿದ್ದ, ಅವತ್ತಿನಿಂದ ಯಾರ ಮನೆಗೆ ಹೋದರೂ ಒಳಗಿನ ಕೋಣೆಯ ಒಳ್ಳೆಯ ಕುರ್ಚಿ ಅವನಿಗೇ. ಮೂರನೆಯ ಸಲ ದಾರ ಹೇಗೋ ನಿಂತಿತು. ಹೊರಡುತ್ತೇನೆ ಎಂದು ಕೂಡ ಹೇಳದೆ ಹೊರಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎದುರಿನ ಸೀಟಿನ ಮುದುಕ ನಿದ್ದೆ ಹೋಗಿದ್ದ, ಅವನ ಕುತ್ತಿಗೆಯ ನರ ಎದ್ದು ಬಿದ್ದು ಕಾಣುತ್ತಿತ್ತು. ಅಭ್ಯಾಸಬಲದಿಂದ ಎಣಿಸಿದ. ನಿಮಿಷಕ್ಕೆ ಅರವತ್ತೆಂಟು. ಮುದುಕನ ಹೃದಯದ ಮೇಲಿನ ಕೋಣೆಯಾದ ಬಲ ಹೃತ್ಕರ್ಣದ ಗೋಡೆಯೊಳಗೆ ಎಲ್ಲೋ ಒಂದು ಚಿಟಿಕೆ ಮಾಂಸ ಇವನು ನಿದ್ದೆ ಮಾಡಿದರೂ ತಾನು ಮಾಡದೆ ಅಪ್ಪಣೆ ಕೊಡುತ್ತ ಕೂತಿದೆ. ಅದನ್ನು ಲ್ಯಾಬಿನಲ್ಲಿ ಎಲ್ಲರೂ ಯಜಮಾನ ಎನ್ನುತ್ತಾರೆ. ಲ್ಯಾಬಿನ ಗೋಡೆಯ ಮೇಲೆ ಐದು ಹೃದಯಗಳ ಪಟವಿದೆ: ಮೀನು, ಕಪ್ಪೆ, ಆಮೆ, ಪಾರಿವಾಳ, ಮೊಲ. ಮೊದಲ ಮೂರಕ್ಕೆ ಹೃದಯದ ಹಿಂದೆ ತೆಳ್ಳನೆಯ ಒಂದು ಚೀಲ, ಮೈಯ ರಕ್ತವೆಲ್ಲ ಬಂದು ಸೇರುವ ಸೈನಸ್ ಚೀಲ. ಬಡಿತ ಹುಟ್ಟುವುದು ಅಲ್ಲಿ, ಇಲ್ಲವೇ ಅದರ ಬಾಯಲ್ಲಿ. ಪಾರಿವಾಳಕ್ಕೂ ಮೊಲಕ್ಕೂ ಬರುವ ಹೊತ್ತಿಗೆ ಆ ಚೀಲ ಹೃತ್ಕರ್ಣದ ಗೋಡೆಯಲ್ಲಿ ಕರಗಿಹೋಗಿ ಒಂದು ಸಣ್ಣ ಗಂಟಷ್ಟೇ ಉಳಿದಿರುತ್ತದೆ. "ಚೀಲ ಹೋಯ್ತು, ಯಜಮಾನಿಕೆ ಹೋಗಲಿಲ್ಲ!" ಎಂದು ಪ್ರೊಫೆಸರು ಪ್ರತಿ ವರ್ಷ ಅದೇ ಪಾಠದಲ್ಲಿ ಹೇಳುತ್ತಿದ್ದರು, ಹುಡುಗರು ಪ್ರತಿ ವರ್ಷ ನಗುತ್ತಿದ್ದರು, ಹಿಂದಿನ ಮೇಜಿನಲ್ಲಿ ಕತ್ತರಿ ಒರೆಸುತ್ತ ನಿಂತಿದ್ದ ಅವನೂ ನಗುತ್ತಿದ್ದ. ಇಪ್ಪತ್ತೇಳು ಸಲ ನಕ್ಕಾಗಿತ್ತು.

ಯಜಮಾನನ ಕೆಳಗಿನವರಿಗೂ, ಅಂದರೆ ಹೃದಯದ ಉಳಿದ ಭಾಗಗಳಿಗೂ, ತಮ್ಮದೇ ಒಂದು ಬಡಿತವಿರುತ್ತದೆ ಎನ್ನುವುದು ಆ ಪಾಠದ ಎರಡನೆಯ ಭಾಗ. ಆದರೆ ಅದು ನಿಧಾನ. ತಮ್ಮ ಸರದಿ ಬರುವುದರೊಳಗೆ ಮೇಲಿನ ಅಪ್ಪಣೆ ಬಂದುಬಿಡುತ್ತದೆ, ಹಾಗಾಗಿ ತಮ್ಮದೂ ಒಂದಿದೆ ಎಂದು ತೋರಿಸಲು ಅವಕ್ಕೆ ಪುರಸೊತ್ತೇ ಸಿಗುವುದಿಲ್ಲ. ಕಪ್ಪೆಯ ಸೈನಸ್ಸಿಗೂ ಹೃತ್ಕರ್ಣಕ್ಕೂ ನಡುವೆ ದಾರ ಬಿಗಿದರೆ ಹೃದಯ ನಿಲ್ಲುತ್ತದೆ. ಬಹಳ ಹೊತ್ತು ಮೂಕವಾಗಿದ್ದು, ಆಮೇಲೆ ಕೆಳಗಿನದು ಗಂಟಲು ಸರಿಮಾಡಿಕೊಂಡು ತನ್ನ ಪಾಡಿಗೆ ಒಂದೊಂದೇ ಬಡಿತ ಶುರುಮಾಡುತ್ತದೆ. ಹುಡುಗರು ಚಪ್ಪಾಳೆ ತಟ್ಟುವುದು ಅಲ್ಲಿಯೇ. ಅವನಿಗೆ ಮಾತ್ರ ಆ ಗಳಿಗೆಯಲ್ಲಿ ಕಪ್ಪೆಯ ಮೇಲೆ ಸಿಟ್ಟು ಬರುತ್ತಿತ್ತು. ಇದೆಯಪ್ಪ ನಿನಗೂ ಒಂದು ಬಡಿತ, ಯಾರಿಗೆ ಬೇಕು ಅದು, ಸುಮ್ಮನೆ ಬಿದ್ದಿರಬಾರದೆ, ಎಂದುಕೊಳ್ಳುತ್ತಿದ್ದ.

ಮೀನಿನ ವಿಷಯ ಇನ್ನೂ ಸೂಕ್ಷ್ಮ. ಅವರ ಲ್ಯಾಬಿನ ಮೀನು ಕೆರೆಯ ಕೆಸರುಮೀನು, ನೀರು ಬತ್ತಿದರೆ ಮೇಲೆ ಬಂದು ಗಾಳಿ ಕುಡಿದು ಬದುಕುವ ಜಾತಿ. ಅದರ ಚೀಲ ಹೃತ್ಕರ್ಣವನ್ನು ಸೇರುವ ಬಾಯಲ್ಲಿ ಸ್ವಲ್ಪ ಬಿಳಿಚಿಕೊಂಡ ಒಂದು ಉಂಗುರವಿದೆ, ಅಗಲ ಸಾಸಿವೆ ಕಾಳಿನಲ್ಲಿ ಅರ್ಧ. ಯಜಮಾನ ಕೂತಿರುವುದು ಆ ಉಂಗುರದಲ್ಲಿ. ಉಂಗುರದ ಈಚೆ, ಹೃತ್ಕರ್ಣದ ಕಡೆಗೆ, ದಾರ ಬಿಗಿದರೆ ಅಪ್ಪಣೆ ಕಡಿದುಹೋಗಿ ಹೃದಯ ನಿಲ್ಲುತ್ತದೆ. ಉಂಗುರದ ಆಚೆ, ಚೀಲದ ಕಡೆಗೆ, ಬಿಗಿದರೆ ಏನೂ ಆಗುವುದಿಲ್ಲ. ಯಜಮಾನ ಮನೆಯೊಳಗೇ ಉಳಿದನಲ್ಲ, ಹೃದಯ ಬಡಿಯುತ್ತಲೇ ಇರುತ್ತದೆ. ಹನ್ನೊಂದು ವರ್ಷದ ಹಿಂದೆ ಪ್ರೊಫೆಸರಿಗೆ ಒಂದು ಹುಚ್ಚು ಹಿಡಿದಿತ್ತು: ಗಾಳಿ ಕುಡಿಯುವ ಈ ಮೀನು ಬೇರೆ ಮೀನುಗಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ, ಇದರ ಯಜಮಾನ ಉಂಗುರ ಬಿಟ್ಟು ಆಗಲೇ ಹಕ್ಕಿಯಲ್ಲಿ, ಮೊಲದಲ್ಲಿ ಇದ್ದ ಹಾಗೆ ಹೃತ್ಕರ್ಣದ ಒಳಗೆ ಹೋಗಿ ಕೂತಿದ್ದಾನೆ ಎಂದು. ಹಾಗಿದ್ದರೆ ಉಂಗುರದ ಈಚೆ ಕಟ್ಟಿದರೂ ಹೃದಯ ನಿಲ್ಲಬಾರದು. ಅದನ್ನು ಪರೀಕ್ಷಿಸಲು ಅವನು ದಾರ ಕಟ್ಟಿದ. ಹೃದಯ ನಿಲ್ಲಲಿಲ್ಲ. "ಉಂಗುರದ ಈಚೆ ತಾನೇ ಕಟ್ಟಿದ್ದು?" ಎಂದು ಪ್ರೊಫೆಸರು ಕೇಳಿದರು. "ಹೌದು ಸರ್," ಅಂದ. ನಂಬಿಕೊಂಡೇ ಅಂದ. ಹದಿನಾರು ವರ್ಷ "ಏ ದಾರ" ಎಂದು ಕರೆದವರು ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು. ಸಂಜೆ ಎಲ್ಲರೂ ಹೋದ ಮೇಲೆ ಆ ಹೃದಯವನ್ನು ಸೀಳಿ ಲೆನ್ಸಿನ ಕೆಳಗಿಟ್ಟು ನೋಡಿದ. ಗಂಟು ಬಿದ್ದಿದ್ದು ಆಚೆ. ಪ್ರೊಫೆಸರ ಕೋಣೆಯ ಬಾಗಿಲ ತನಕ ಹೋದ. ಒಳಗೆ ಅವರು ಫೋನಿನಲ್ಲಿ ಯಾರಿಗೋ, "ನಮ್ಮವನ ಕೈ ಅಂದ್ರೆ ಕೈ" ಎನ್ನುತ್ತಿದ್ದರು. ನಾಳೆ ಹೇಳೋಣವೆಂದು ವಾಪಸು ಬಂದ. ನಾಳೆ ಅವರಿಗೆ ಬಿಡುವಿರಲಿಲ್ಲ. ಆಮೇಲೆ ಅದು ಪುಸ್ತಕದಲ್ಲಿ ಒಂದು ಅಧ್ಯಾಯವಾಯಿತು, ಪಟದಲ್ಲಿ ಮೀನಿನ ಕೆಂಪು ಚುಕ್ಕೆಯನ್ನು ಉಂಗುರದಿಂದ ಅಳಿಸಿ ಹೃತ್ಕರ್ಣದಲ್ಲಿ ಇಟ್ಟವನೂ ಅವನೇ. ಬೇರೆ ಕಡೆಯವರು, ನಮ್ಮಲ್ಲಿ ಹಾಗಾಗುತ್ತಿಲ್ಲ ಎಂದು ಬರೆದಾಗ ಪ್ರೊಫೆಸರು ನಕ್ಕರು. "ಅವರಿಗೆ ಮೀನು ಸಿಗುತ್ತೆ, ನಮ್ಮವನ ಕೈ ಎಲ್ಲಿಂದ ಸಿಗಬೇಕು?" ಅಲ್ಲಿಂದ ಮುಂದೆ ಯಾರು ನೋಡಲು ಬಂದರೂ ಅವನು ಗೊತ್ತಿದ್ದೇ ಆಚೆ ಕಟ್ಟಿದ. ಮೊದಲನೆಯದು ತಪ್ಪು, ಆಮೇಲಿನದೆಲ್ಲ ಕೆಲಸ, ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಆ ಹುಡುಗಿ, ಪ್ರೊಫೆಸರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು, ಲ್ಯಾಬಿನ ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು. ಕಪ್ಪೆ, ಆಮೆ, ಕೋಳಿಮರಿ, ಇಲಿ ಎಲ್ಲ ಅವಳಿಗೆ ಸರಿಯಾಗಿಯೇ ಬಂದಿದ್ದವು. ಕೆಸರುಮೀನು ಮಾತ್ರ ಪುಸ್ತಕದ ಮಾತು ಕೇಳುತ್ತಿರಲಿಲ್ಲ. ನಲವತ್ತೆರಡು ಮೀನು, ನಲವತ್ತೆರಡು ಹೃದಯವೂ ನಿಂತಿದ್ದವು. ತಿಂಗಳ ಹಿಂದೆ ಅವನನ್ನು ಕರೆದು, ಬೆಚ್ಚಗೆ ಮಾಡಿದ ಗಾಜಿನ ಕಡ್ಡಿಯನ್ನು ಉಂಗುರಕ್ಕೆ ಮುಟ್ಟಿಸಿ ತೋರಿಸಿದ್ದಳು. ಬಡಿತ ಒಮ್ಮೆಗೇ ಏರಿತು. ಹೃತ್ಕರ್ಣಕ್ಕೆ ಮುಟ್ಟಿಸಿದಳು, ಏನೂ ಇಲ್ಲ. "ಬೆಚ್ಚಗಾದ್ರೆ ಬೇಗ ಬಡಿಯೋದು ಯಜಮಾನ ಒಬ್ಬನೇ ಅಲ್ವಾ ಸರ್?" ಎಂದು ಅವನ ಮುಖ ನೋಡಿದ್ದಳು. ಅವನು, "ಕಡ್ಡಿ ಬಿಸಿ ಜಾಸ್ತಿ ಆಗಿರ್ಬೇಕಮ್ಮ," ಎಂದು ಬ್ರಷ್ಷು ತೊಳೆಯಲು ಹೋಗಿದ್ದ. ಅದೇ ವಾರದ ಸಭೆಯಲ್ಲಿ ಪ್ರೊಫೆಸರು ಎಲ್ಲರ ಮುಂದೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಾಗ ನಗೆ ಎದ್ದಿತ್ತು. ಅವನೂ ನಕ್ಕಿದ್ದ, ಬಾಯಿ ಮುಚ್ಚಿಕೊಂಡು, ಆದರೆ ನಕ್ಕಿದ್ದ. ಅವಳು ಅದನ್ನು ನೋಡಿದ್ದಳೋ ಇಲ್ಲವೋ ಇವತ್ತಿಗೂ ಅವನಿಗೆ ತಿಳಿಯದು.

"ಸರ್, ಒಂದು ನಿಮಿಷ," ಅಂದಳು. "ಇವತ್ತು ನೀವೇ ಕಟ್ಬೇಕು ಅಂತ ನಾನೇ ಅವರನ್ನ ಕೇಳ್ಕೊಂಡೆ."

"ಯಾಕಮ್ಮ? ನಿನ್ನ ಪರೀಕ್ಷೆ, ನೀನೇ ಕಟ್ಟು."

"ನಾನು ಕಟ್ಟಿ ಹೃದಯ ನಿಂತ್ರೆ ನನ್ನ ಕೈ ಒರಟು ಅಂತಾರೆ. ನೀವು ಕಟ್ಟಿ ನಿಂತ್ರೆ ಯಾರೂ ಉಸಿರೆತ್ತೋ ಹಾಗಿಲ್ಲ."

"ನಿಲ್ಲದೇ ಹೋದ್ರೆ?"

"ನಿಲ್ಲದೇ ಹೋದ್ರೆ ನಾನೇ ತಪ್ಪು. ಪ್ರಬಂಧದ ನಾಲ್ಕನೇ ಅಧ್ಯಾಯ, ಈ ಮೀನಿಂದು, ಕಿತ್ತು ಹಾಕ್ತೀನಿ. ಅದನ್ನ ಕಿತ್ರೆ ಉಳಿಯೋದು ಬರೀ ರಟ್ಟು." ಅವಳು ನಕ್ಕಳು. "ಅಣ್ಣನ ಔಷಧಿ ಅಂಗಡಿ ಇದೆ, ಹೋಗಿ ಕೂತ್ಕೋತೀನಿ. ಈ ತಿಂಗಳಿಗೆ ನನ್ನ ಅವಧಿನೂ ಮುಗಿಯುತ್ತೆ. ನಿಮ್ಮ ಕೈ ಮೇಲೆ ನನಗೆ ನಂಬಿಕೆ ಇದೆ ಸರ್."

ಅವನಿಗೆ ಅವಳ ಮೇಲೆ ಕೋಪ ಬಂತು. ಕೇಳದೆ ಕೊಟ್ಟ ನಂಬಿಕೆ ಅದು, ಬೇಡವೆಂದು ಹಿಂದಿರುಗಿಸಲೂ ಬಾರದು. ನನ್ನನ್ನು ಯಾಕೆ ಕೇಳಿದೆ, ನಾನೇನು ದೇವರೇ, ಮನೆಯಲ್ಲಿ ಹೆಂಡತಿಯ ದಿಂಬಿಗೆ ಗುಂಡಿ ಹಾಕಲಾರದವನು, ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದ. ಅವಳು ಹಿಂದೆಯೇ ಬಂದಳು. ಅವಳ ಬಗಲಲ್ಲಿದ್ದ ಪ್ರಬಂಧದ ಕಟ್ಟು ದಪ್ಪವಾಗಿತ್ತು. ನಾಲ್ಕನೆಯ ಅಧ್ಯಾಯ ಇರುವ ಕಡೆ ಅಂಚು ಕೈ ತಾಗಿ ಕಪ್ಪಾಗಿತ್ತು.

ಹೊರಗಿನಿಂದ ಬಂದ ಪರೀಕ್ಷಕಿ ತಲೆ ಪೂರಾ ನರೆತ ಹೆಂಗಸು, ಜೀವಮಾನವೆಲ್ಲ ಕೋಳಿಮೊಟ್ಟೆಯೊಳಗಿನ ಹೃದಯ ನೋಡಿದವರು. "ಎರಡನೇ ದಿನಕ್ಕೇ ಬಡಿಯೋಕೆ ಶುರು ಮಾಡಿರುತ್ತೆ, ಅದರೊಳಗೆ ಇನ್ನೂ ರಕ್ತ ಹರಿಯೋದೇ ಇಲ್ಲ, ಏನು ಅವಸರವೋ ಅದಕ್ಕೆ," ಎಂದು ಪ್ರೊಫೆಸರ ಜೊತೆ ಹೇಳಿಕೊಂಡು ನಗುತ್ತಿದ್ದರು. ಪ್ರೊಫೆಸರು ಅವನನ್ನು ತೋರಿಸಿ, "ಇವನೇ ನೋಡಿ ಮೇಡಂ, ನಮ್ಮ ದಾರ," ಅಂದರು. ಅವನು ಕೈ ಮುಗಿದು ಸ್ಟೂಲಿನ ಮೇಲೆ ಕೂತ. ಮೀನು ಸಿದ್ಧವಾಗಿತ್ತು, ಎಚ್ಚರ ತಪ್ಪಿಸಿ ಎದೆ ತೆರೆದಿದ್ದರು. ಹೃದಯದ ತುದಿಗೆ ಸಿಕ್ಕಿಸಿದ ಕೊಕ್ಕೆಯಿಂದ ಒಂದು ಕಡ್ಡಿ ತಿರುಗುವ ಡ್ರಮ್ಮಿನ ಕಾಗದದ ಮೇಲೆ ಸಣ್ಣ ಸಣ್ಣ ಗುಡ್ಡಗಳನ್ನು ಬರೆಯುತ್ತಿತ್ತು. ಡ್ರಮ್ಮಿನ ಪಕ್ಕದಲ್ಲಿ ಹುಡುಗಿ. ಅವನು ದಾರವನ್ನು ಉಂಗುರದ ಕೆಳಗೆ ತೂರಿಸಿ ಮೇಲೆ ತಂದು, ಕುಣಿಕೆಯನ್ನು ಸಡಿಲವಾಗಿ ಬಿಟ್ಟು, ಲೆನ್ಸಿನಲ್ಲಿ ನೋಡಿದ. ಚಿಮಟದ ತುದಿಯಿಂದ ಒಂದಿಷ್ಟು ಸರಿಸಿದರೆ ಆಚೆ. ಹನ್ನೊಂದು ವರ್ಷ ಸರಿಸಿದ ದಾರಿ ಅದು, ಕಣ್ಣು ಕಟ್ಟಿದರೂ ಬೆರಳು ಹೋಗುತ್ತಿತ್ತು. ಲೆನ್ಸಿನಾಚೆ ಮಂಜುಮಂಜಾಗಿ ಹುಡುಗಿಯ ಚಪ್ಪಲಿ ಕಾಣುತ್ತಿತ್ತು, ಅದರ ಬಾರು ಕಿತ್ತುಹೋಗಿ ಪಿನ್ನು ಹಾಕಿದ್ದಳು. ಯಾಕೆಂದು ಅವನಿಗೇ ತಿಳಿಯದು, ಆ ಪಿನ್ನು ನೋಡಿದ ಮೇಲೆ ಆಚೆ ಸರಿಸಲು ಮನಸ್ಸಾಗಲಿಲ್ಲ. ಈಚೆ ಸರಿಸಿದ. ಬಿಗಿದ. ಕಡ್ಡಿ ಇನ್ನೆರಡು ಗುಡ್ಡ ಬರೆದು ನೇರ ಗೀಟಾಯಿತು. ದಾರದ ಹಿಂದೆ ಚೀಲವೊಂದೇ ಬಡಿಯುತ್ತಿತ್ತು, ಕೇಳುವವರಿಲ್ಲದ ಅಪ್ಪಣೆ ಕೊಡುತ್ತ. ಅವನ ಎದೆಯಿಂದ ಹನ್ನೊಂದು ವರ್ಷದ ಕಲ್ಲು ಕೆಳಗಿಳಿದ ಹಾಗಾಯಿತು. ಇಷ್ಟೇ, ಇಷ್ಟು ಸುಲಭ, ಎಂದುಕೊಂಡ.

ಪ್ರೊಫೆಸರು ರೇಗುತ್ತಾರೆ ಎಂದು ಅವನು ಕಾದಿದ್ದ. ರೇಗಿದ್ದರೆ ಚೆನ್ನಾಗಿತ್ತು, ಎದುರಿಗೆ ನಿಂತು ಹೇಳಲು ಒಂದು ಮಾತನ್ನು ಆಗಲೇ ಸಿದ್ಧಮಾಡಿಕೊಂಡಿದ್ದ. ಅವರು ರೇಗಲಿಲ್ಲ, ಲೊಚಗುಟ್ಟಿದರು. "ಛೆ ಛೆ, ಪಾಪ." ಪರೀಕ್ಷಕಿ ಬಗ್ಗಿ ಲೆನ್ಸಿನಲ್ಲಿ ನೋಡಿ, ಗಂಟು ಸರಿಯಾದ ಜಾಗದಲ್ಲೇ ಇದ್ದ ಹಾಗಿದೆಯಲ್ಲ, ಅಂದರು. "ಜಾಗ ಸರಿ ಮೇಡಂ, ಬಿಗಿ ಹೆಚ್ಚಾಗಿದೆ. ಹೃತ್ಕರ್ಣ ಜಜ್ಜಿಹೋಗಿದೆ. ಈ ಹುಡುಗಿಯದೂ ಇದೇ ತೊಂದರೆ. ಇವನನ್ನೇನೂ ಅನ್ನೋ ಹಾಗಿಲ್ಲ ಬಿಡಿ, ಮುಂದಿನ ವರ್ಷ ನಿವೃತ್ತಿ. ನಿನ್ನೆ ಕಾಫಿ ಲೋಟ ಬೀಳಿಸಿದ."

"ಬಿಗಿ ಸರಿಯಾಗೇ ಇದೆ ಸರ್," ಅಂದ. ಲೋಟ ಬಿದ್ದಿದ್ದು ಯಾರೋ ಮೊಣಕೈ ತಾಗಿಸಿದ್ದರಿಂದ ಎಂದು ಹೇಳಲು ಹೊರಟವನು, ಅದು ಹಾಸ್ಯಾಸ್ಪದವೆನ್ನಿಸಿ ಅಲ್ಲಿಗೇ ಬಿಟ್ಟ.

"ಅವರ ಕೈ ನಡುಗಲಿಲ್ಲ. ನಾನು ನೋಡ್ತಾ ಇದ್ದೆ," ಅಂದಳು ಹುಡುಗಿ.

"ನೀನು ನಿನಗೆ ಬೇಕಾದ್ದು ನೋಡ್ತೀಯಮ್ಮ," ಅಂದರು ಪ್ರೊಫೆಸರು.

ಪರೀಕ್ಷಕಿ ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ಅವನ ಕಡೆ ತಿರುಗಿ, ಮೃದುವಾಗಿ, "ಎಲ್ಲಿ, ಕೈ ಚಾಚಿ ನೋಡೋಣ. ನಮ್ಮ ವಯಸ್ಸಿಗೆ ಅದು ಸಹಜ, ಬೇಜಾರು ಮಾಡ್ಕೋಬೇಡಿ," ಅಂದರು. ಎಲ್ಲರ ಮುಂದೆ ಅವನು ಬಲಗೈ ಚಾಚಿದ. ಏಟು ತಿನ್ನಲು ಮೇಷ್ಟರ ಮುಂದೆ ಚಾಚಿದ ಹಾಗೇ ಇತ್ತು. ಚಾಚಿದ ಕೈಯನ್ನು ಮೂವರೂ ನೋಡುತ್ತಿದ್ದರು, ಅವನೂ ನೋಡಿದ, ನೋಡುತ್ತಿದ್ದ ಹಾಗೆ ಅದು ನಡುಗಿತು. ಇಪ್ಪತ್ತೇಳು ವರ್ಷದಲ್ಲಿ ಯಾವತ್ತೂ ನಡುಗದ ಕೈ. "ಕಂಡಿತಲ್ಲ," ಅಂದರು ಪ್ರೊಫೆಸರು, ಗೆದ್ದ ದನಿಯಲ್ಲಲ್ಲ, ನಿಜವಾಗಿ ನೊಂದುಕೊಂಡು. "ಹೋಗಿ ಒಂದು ಲೋಟ ನೀರು ಕುಡಿ ಮಾರಾಯ. ನಾಳೆಯಿಂದ ಈ ಸೂಕ್ಷ್ಮದ ಕೆಲಸವೆಲ್ಲ ಬೇಡ ನಿನಗೆ. ಶೀಸೆ ತೊಳೆಯೋದು, ಪಟ ಒರೆಸೋದು ಇದ್ದೇ ಇದೆ." ಆಸ್ತಿಯಿಲ್ಲ, ಪದವಿಯಿಲ್ಲ, ಪುಸ್ತಕದಲ್ಲೆಲ್ಲೂ ಹೆಸರಿಲ್ಲ. ಇದ್ದದ್ದು ಒಂದು ಕೈ. ಸುಳ್ಳಿಗೆ ದುಡಿದ ಹನ್ನೊಂದು ವರ್ಷವೂ ಅದನ್ನು ಹೊಗಳಿದವರು, ಒಂದೇ ಒಂದು ಸಲ ನಿಜ ಹೇಳಿದ ಕೂಡಲೇ ಅದು ಹೋಯಿತು ಅನ್ನುತ್ತಿದ್ದಾರೆ.

"ಇನ್ನೊಂದು ಮೀನು ಕೊಡಿ," ಅಂದ.

"ಬೇಡ ಸರ್," ಅಂದಳು ಹುಡುಗಿ. "ಒಂದು ಸಾಕು. ದಯವಿಟ್ಟು."

ಅವಳ ಕಡೆ ಅವನು ನೋಡಲಿಲ್ಲ. ಎರಡನೆಯ ಮೀನು ಬಂತು. ಕೈ ಈಗ ನಡುಗುತ್ತಿರಲಿಲ್ಲ, ಮೀನಿನ ಮೇಲೆ ಬಂದ ಕೂಡಲೇ ತನ್ನ ಮನೆಗೆ ಬಂದ ಹಾಗೆ ನೆಟ್ಟಗಾಗಿತ್ತು. ಈಚೆ ಕಟ್ಟಿದರೆ ಹೃದಯ ನಿಲ್ಲುತ್ತದೆ, ನಿಂತರೆ ಕೈ ಹೋಯಿತು ಎಂದೇ ಆಗುತ್ತದೆ. ಕೈ ಇದೆ ಎಂದು ತೋರಿಸಬೇಕಾದರೆ ಹೃದಯ ಬಡಿಯುತ್ತಿರಬೇಕು. ಇದನ್ನು ಅವನು ಯೋಚಿಸಿ ಮಾಡಿದನೆಂದು ಹೇಳಲಾಗದು, ಯೋಚಿಸದೆ ಮಾಡಿದನೆಂದೂ ಹೇಳಲಾಗದು. ಚಿಮಟದ ತುದಿ ಕುಣಿಕೆಯನ್ನು ಅರ್ಧ ಸಾಸಿವೆಯಷ್ಟು ಆಚೆ ತಳ್ಳಿತು. ಒಂದೇ ಎಳೆತಕ್ಕೆ ಬಿಗಿದ, ಗಂಟಿನ ಬಾಲ ಕತ್ತರಿಸಿದ, ಕೈ ಮೇಲೆತ್ತಿದ. ಕಡ್ಡಿ ಗುಡ್ಡ ಬರೆಯುತ್ತಲೇ ಹೋಯಿತು. ಒಂದು, ಎರಡು, ಹತ್ತು, ಇಪ್ಪತ್ತು. ಈ ಸಲ ಯಾರೂ ಲೆನ್ಸಿಗೆ ಬಗ್ಗಲಿಲ್ಲ, ಎಲ್ಲರೂ ಕಡ್ಡಿಯನ್ನೇ ನೋಡುತ್ತಿದ್ದರು. "ಇದು! ಇದು ಕೈ ಅಂದ್ರೆ!" ಎಂದು ಪ್ರೊಫೆಸರು ಅವನ ಬೆನ್ನಿಗೆ ಗುದ್ದಿದರು. ಪರೀಕ್ಷಕಿ, "ಅದ್ಭುತ," ಅಂದರು. ಸುಖ ಅವನ ಬೆನ್ನಿನಿಂದ ಮೊಣಕಾಲಿನ ತನಕ ಇಳಿಯಿತು. ಆ ಸುಖವೇ ಅವನಿಗೆ ಆಮೇಲೆ, ಎಷ್ಟೋ ದಿನದ ತನಕ, ಎಲ್ಲಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು.

ಉಳಿದದ್ದು ಬೇಗ ಮುಗಿಯಿತು. ಪರೀಕ್ಷಕಿ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ನಾಲ್ಕನೆಯ ಅಧ್ಯಾಯ ಹೀಗೇ ಬಿಟ್ಟರೆ ಪ್ರಬಂಧ ಒಪ್ಪಲಾಗದು, ಬೇಸರ ಬೇಡ, ಕೈ ಪಳಗಲು ಕೆಲವರಿಗೆ ಹೆಚ್ಚು ಕಾಲ ಬೇಕಾಗುತ್ತದೆ, ಎಂದು ಸಮಾಧಾನ ಹೇಳಿದರು. ಹುಡುಗಿ ತಲೆಯಾಡಿಸಿದಳು. ಬೆಳಿಗ್ಗೆ ಮೆಟ್ಟಿಲ ಹತ್ತಿರ ಆಡಿದ ಮಾತಿಗೆ ಅವಳು ತಪ್ಪಲಿಲ್ಲ. ಅವನು ತೊಟ್ಟಿಯ ಹತ್ತಿರ ನಲ್ಲಿ ಬಿಟ್ಟುಕೊಂಡು ಎರಡನೆಯ ಮೀನಿನ ಗಂಟನ್ನು ಕತ್ತರಿಸಿ ತೆಗೆದು, ಮೀನನ್ನು ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದ. ದಾರದ ತುಂಡು ಬೆರಳಿಗೆ ಅಂಟಿಕೊಂಡಿತ್ತು, ಉಜ್ಜಿ ನೀರಿಗೆ ಬಿಟ್ಟ. ತಿರುಗಿ ನೋಡಿದರೆ ಅವಳು ಹಿಂದೆಯೇ ನಿಂತಿದ್ದಳು, ಕೈಯಲ್ಲಿ ಸ್ಪಿರಿಟ್ ತುಂಬಿದ ಒಂದು ಸಣ್ಣ ಶೀಸೆ. ಅದರೊಳಗೆ ಮೊದಲನೆಯ ಮೀನಿನ ಹೃದಯ, ಗಂಟಿನ ಸಮೇತ.

"ಎರಡನೇದು ಎಲ್ಲಿ ಸರ್?"

"ಬಿಸಾಕಿದೆ."

"ಗಂಟು ಎಲ್ಲಿ ಬಿದ್ದಿತ್ತು ಅಂತ ನೋಡ್ಬೇಕಿತ್ತು."

"ನೋಡೋದೇನಿದೆಯಮ್ಮ? ಬಡೀತಲ್ಲ."

ಅವಳು ನಲ್ಲಿ ನಿಲ್ಲಿಸಿದಳು. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಹೊರಗೆ ಓಣಿಯಲ್ಲಿ ಪ್ರೊಫೆಸರ ನಗು ಕೇಳುತ್ತಿತ್ತು, ಅವರು ಪರೀಕ್ಷಕಿಯನ್ನು ಕಾರಿನ ತನಕ ಬಿಡಲು ಹೊರಟಿದ್ದರು. "ನಾನು ಯಾರಿಗೂ ಹೇಳಲ್ಲ," ಅಂದಳು. "ಅಧ್ಯಾಯ ಕಿತ್ತಾಯ್ತು. ಇನ್ನು ಹೇಳಿ ಏನೂ ಆಗ್ಬೇಕಾಗಿಲ್ಲ. ನನಗೆ ಮಾತ್ರ ಗೊತ್ತಾದ್ರೆ ಸಾಕು, ನಾಲ್ಕು ವರ್ಷ ನಾನು ಹುಚ್ಚಿ ಆಗಿರ್ಲಿಲ್ಲ ಅಂತ. ಮೊದಲನೇ ಸಲ ಕಟ್ಟಿದ್ದೇ ಸರಿ ಅಲ್ವಾ?"

ಹೌದು ಅನ್ನಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ, ಕಳೆದುಕೊಳ್ಳಲೂ ಏನೂ ಇರಲಿಲ್ಲ. ಆದರೆ ಹೌದು ಅಂದರೆ ಎರಡನೆಯದು ಏನು ಎಂದು ಅವಳು ಕೇಳುತ್ತಿದ್ದಳು. ಕೇಳದಿದ್ದರೂ ಅವಳ ಕಣ್ಣು ಕೇಳುತ್ತಿತ್ತು.

"ಇಲ್ಲಮ್ಮ," ಅಂದ. "ಅದು ತಪ್ಪು. ಕೈ ನಡುಗಿತು."

ಅವಳು ಮೇಜಿನ ಮೇಲಿನ ಒಂದು ಚೀಟಿಯನ್ನೂ ಪೆನ್ನನ್ನೂ ಅವನ ಮುಂದೆ ಇಟ್ಟಳು. "ಹಾಗಾದ್ರೆ ಇದರ ಮೇಲೆ ಬರೆದುಕೊಡಿ. ಶೀಸೆಗೆ ಚೀಟಿ ಬೇಕಲ್ಲ."

ಅವನು ಕೈ ಒರೆಸಿಕೊಂಡು ಕೂತು ಬರೆದ. ಕೆಸರುಮೀನು. ಗಂಟು ತಪ್ಪಾಗಿ ಬಿದ್ದಿದೆ. ಕಟ್ಟಿದವನಿಗೆ ಕೈ ನಡುಕ. ಕೆಳಗೆ ತಾರೀಖು ಹಾಕಿದ. ಸಾಲು ಗೆರೆ ಎಳೆದಷ್ಟು ನೇರವಾಗಿತ್ತು, ಒಂದೊಂದು ಅಕ್ಷರವೂ ಮುತ್ತು ಪೋಣಿಸಿದ ಹಾಗೆ ದುಂಡಗೆ ಕೂತಿತ್ತು, ಒಂದು ಒತ್ತು, ಒಂದು ಕೊಂಬು ಕೂಡ ಅಲುಗಿರಲಿಲ್ಲ. ಬರೆದು ಮುಗಿಸಿದ ಮೇಲೆ ಅವನಿಗೂ ಅದು ಕಂಡಿತು. ಹರಿದು ಬೇರೆ ಬರೆಯೋಣವೆಂದು ಕೈ ಚಾಚುವಷ್ಟರಲ್ಲಿ ಅವಳು ಚೀಟಿಯನ್ನು ಎತ್ತಿಕೊಂಡಿದ್ದಳು. ಅದನ್ನು ಓದಿದಳು, ಅವನ ಕೈಯನ್ನು ನೋಡಿದಳು, ಮತ್ತೊಮ್ಮೆ ಓದಿದಳು.

"ಎಷ್ಟು ಚೆನ್ನಾಗಿದೆ ಅಕ್ಷರ," ಅಂದು ಅದನ್ನು ಶೀಸೆಗೆ ಅಂಟಿಸಿಕೊಂಡು ಹೋದಳು.